ಬೋರ್ಡಿನ ಮೇಲೆ ಉಳಿದ ಫ್ಲಕ್ಸ್: ಕರಗಿಸಿದರೆ ಸಾಲದು, ಎತ್ತಿ ತೆಗೆಯಬೇಕು

ಸೋಲ್ಡರ್ ಮಾಡಿ ಮುಗಿಸಿದ ಬೋರ್ಡನ್ನು ತಿರುಗಿಸಿದರೆ ಜಾಯಿಂಟುಗಳ ಸುತ್ತ ಕಂದು ಬಣ್ಣದ ಅಂಟು ಕೂತಿರುತ್ತದೆ. ಅದೇ ಉಳಿದ ಫ್ಲಕ್ಸ್, ಅಂದರೆ ಲೋಹಕ್ಕೆ ಸೋಲ್ಡರ್ ಚೆನ್ನಾಗಿ ಹಿಡಿಯಲಿ ಅಂತ ಹಾಕುವ ಪದಾರ್ಥ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜಿದರೆ ಹೋಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಅದು ಸುಳ್ಳೇನಲ್ಲ. ಆದರೆ ಅಷ್ಟೇ ಮಾಡಿ ಬಿಟ್ಟರೆ ಏನಾಗುತ್ತದೆ ನೋಡಿ: ಒದ್ದೆ ಇರುವಷ್ಟು ಹೊತ್ತು ಬೋರ್ಡು ಫಳಫಳ ಹೊಳೆಯುತ್ತದೆ, ಒಣಗಿದ ಮೇಲೆ ಅಲ್ಲಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಬೆರಳಿಟ್ಟರೆ ಜಿಗುಟು ಹತ್ತುತ್ತದೆ. ಮೊದಲು ಜಾಯಿಂಟಿನ ಸುತ್ತ ಮಾತ್ರ ಇದ್ದ ಫ್ಲಕ್ಸನ್ನು ಈಗ ತೆಳ್ಳಗೆ ಇಡೀ ಬೋರ್ಡಿಗೆ ಬಳಿದ ಹಾಗಾಗಿರುತ್ತದೆ.

ಕಾರಣ ಸರಳ. ಆಲ್ಕೋಹಾಲ್ ಫ್ಲಕ್ಸನ್ನು ಕರಗಿಸುತ್ತದೆ, ಮಾಯ ಮಾಡುವುದಿಲ್ಲ. ಆಲ್ಕೋಹಾಲ್ ಆವಿಯಾಗಿ ಹೋಗುತ್ತದೆ, ಅದರಲ್ಲಿ ಕರಗಿದ್ದ ಫ್ಲಕ್ಸ್ ಅಲ್ಲೇ ಉಳಿಯುತ್ತದೆ. ಹಾಗಾಗಿ ಇಲ್ಲಿ ಕೆಲಸ ಎರಡು. ಕರಗಿಸುವುದು ಒಂದು, ಕರಗಿದ್ದು ಒಣಗುವ ಮೊದಲೇ ಅದನ್ನು ಬೋರ್ಡಿನ ಮೇಲಿಂದ ಎತ್ತಿ ತೆಗೆಯುವುದು ಇನ್ನೊಂದು. ಬಹಳ ಜನ ಮೊದಲನೆಯದನ್ನು ಮಾಡಿ ನಿಲ್ಲಿಸಿಬಿಡುತ್ತಾರೆ.

ಯಾವ ಫ್ಲಕ್ಸ್ ಅಂತ ಮೊದಲು ನೋಡಿಕೊಳ್ಳಿ

ತಾಮ್ರಕ್ಕೆ ಗಾಳಿ ತಾಗಿ ಮೇಲೆ ಆಕ್ಸೈಡ್ ಪದರ ಕಟ್ಟಿರುತ್ತದೆ. ಅದರ ಮೇಲೆ ಸೋಲ್ಡರ್ ಹಿಡಿಯುವುದಿಲ್ಲ, ಉಂಡೆಯಾಗಿ ಜಾರುತ್ತದೆ. ಬಿಸಿಯಾದ ಫ್ಲಕ್ಸ್ ಆ ಪದರವನ್ನು ತಿಂದು ಹಾಕುತ್ತದೆ. ಅಂದರೆ ಅದರಲ್ಲಿ ಆಮ್ಲದ ಗುಣ ಇರಲೇಬೇಕು. ಸೋಲ್ಡರ್ ತಣಿದ ಮೇಲೆ ಆ ಗುಣ ಎಷ್ಟು ಉಳಿದಿದೆ ಅನ್ನುವುದರ ಮೇಲೆ ತೊಳೆಯಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕು.

ಹಳೆಯ, ಎಲ್ಲರಿಗೂ ಗೊತ್ತಿರುವ ಬಗೆ ಅಂದರೆ ರೋಸಿನ್. ಇದು ಪೈನ್ ಮರದ ರಾಳ. ತಣ್ಣಗಿದ್ದಾಗ ಗಟ್ಟಿಯಾಗಿರುತ್ತದೆ, ಕರೆಂಟ್ ಹರಿಯಲು ಬಿಡುವುದಿಲ್ಲ, ಯಾರ ತಂಟೆಗೂ ಹೋಗುವುದಿಲ್ಲ. ಬಿಸಿಯಾದಾಗ ಮಾತ್ರ ಅದರೊಳಗಿನ ಆಮ್ಲ ಕೆಲಸ ಮಾಡುತ್ತದೆ. ಇದರಲ್ಲಿ ಆರ್, ಆರ್‌ಎಂಎ, ಆರ್‌ಎ ಅಂತ ಮೂರು ಮಟ್ಟ. ಆರ್ ಅಂದರೆ ಬರೀ ರಾಳ. ಆರ್‌ಎಂಎಗೆ ಸ್ವಲ್ಪ ಆಕ್ಟಿವೇಟರ್ (ಆಕ್ಸೈಡ್ ತಿನ್ನುವ ಚುರುಕು ಹೆಚ್ಚಿಸುವ ರಾಸಾಯನಿಕ) ಸೇರಿರುತ್ತದೆ, ಆರ್‌ಎಗೆ ಜಾಸ್ತಿ. ಮೊದಲೆರಡನ್ನು ಸಾಮಾನ್ಯ ಬೋರ್ಡಿನಲ್ಲಿ ಹಾಗೇ ಬಿಟ್ಟರೂ ನಡೆಯುತ್ತದೆ. ಆರ್‌ಎ ಹಾಕಿದ್ದರೆ ತೊಳೆಯಿರಿ.

ನೋ-ಕ್ಲೀನ್ ಅಂತ ಬರೆದಿರುವ ಫ್ಲಕ್ಸ್ ಸೋಲ್ಡರಿಂಗ್ ಆದ ಮೇಲೆ ತೊಳೆಯದೇ ಬಿಡಲೆಂದೇ ಮಾಡಿದ್ದು. ಒಂದು ಷರತ್ತು ಇದೆ: ಅದು ಪೂರ್ತಿ ಬಿಸಿಯಾಗಿರಬೇಕು. ಇದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನ ಗೊಂದಲ ಇರುವುದು ಇಲ್ಲೇ.

ನೀರಿನಲ್ಲಿ ಕರಗುವ ಫ್ಲಕ್ಸ್ ಇದಕ್ಕೆ ಪೂರ್ತಿ ಉಲ್ಟಾ. ಬಲು ಚುರುಕಾಗಿ ಕೆಲಸ ಮಾಡುತ್ತದೆ, ಕಪ್ಪಾದ ಹಳೇ ಪ್ಯಾಡಿನ (ಬೋರ್ಡಿನಲ್ಲಿ ಸೋಲ್ಡರ್ ಹಿಡಿಯುವ ತಾಮ್ರದ ಜಾಗದ) ಮೇಲೂ ಸೋಲ್ಡರ್ ಹರಿಯುತ್ತದೆ. ಆದರೆ ಉಳಿದದ್ದು ತಣ್ಣಗಾದ ಮೇಲೂ ಆಮ್ಲವೇ, ಜೊತೆಗೆ ಗಾಳಿಯ ತೇವ ಹೀರುತ್ತದೆ. ಇದನ್ನು ತೊಳೆಯದೆ ಬಿಡುವ ಪ್ರಶ್ನೆಯೇ ಇಲ್ಲ, ಅದೇ ದಿನ ತೊಳೆಯಬೇಕು.

ಇನ್ನು ನಲ್ಲಿ ಪೈಪಿಗೆ ಬಳಸುವ ಸತುವಿನ ಕ್ಲೋರೈಡ್ ಇರುವ ಪೇಸ್ಟ್. ಅದು ಎಲೆಕ್ಟ್ರಾನಿಕ್ಸ್ ಮೇಜಿನ ಹತ್ತಿರವೂ ಇರಬಾರದು. ಎಷ್ಟು ತೊಳೆದರೂ ವೈರಿನ ಎಳೆಗಳ ಒಳಗೆ, ಇನ್ಸುಲೇಷನ್ ಕೆಳಗೆ ಹೊಕ್ಕಿದ್ದು ಬರುವುದಿಲ್ಲ, ಕೆಲವೇ ದಿನಗಳಲ್ಲಿ ತಾಮ್ರ ಕಿಲುಬು ಹಿಡಿಯುತ್ತದೆ.

ಡಬ್ಬಿಯ ಮೇಲೆ ಆರ್‌ಓಎಲ್‌0, ಓಆರ್‌ಎಚ್‌1 ಅಂತೆಲ್ಲ ಬರೆದಿರುವುದನ್ನು ನೋಡಿರುತ್ತೀರಿ. ಇದು ಜೆ-ಎಸ್‌ಟಿಡಿ-004 ಅನ್ನುವ ಮಾನದಂಡದ ಗುರುತು, ಓದುವುದು ಸುಲಭ. ಮೊದಲ ಎರಡು ಅಕ್ಷರ ಮೂಲವಸ್ತು: ಆರ್‌ಓ ಅಂದರೆ ರೋಸಿನ್, ಆರ್‌ಇ ಅಂದರೆ ಬೇರೆ ರೆಸಿನ್, ಓಆರ್ ಅಂದರೆ ಸಾವಯವ ಆಮ್ಲದ್ದು, ಐಎನ್ ಅಂದರೆ ಅಜೈವಿಕ. ಮೂರನೇ ಅಕ್ಷರ ಎಲ್, ಎಂ ಅಥವಾ ಎಚ್; ಚುರುಕು ಕಡಿಮೆ, ಮಧ್ಯಮ, ಜಾಸ್ತಿ. ಕೊನೆಯ ಅಂಕೆ ಕ್ಲೋರೈಡ್ ಥರದ ಹಾಲೈಡ್ ಬಗ್ಗೆ. 0 ಅಂದರೆ ಇಲ್ಲ ಅನ್ನುವಷ್ಟು ಕಡಿಮೆ, 1 ಅಂದರೆ ಇದೆ. ಮೂರನೇ ಅಕ್ಷರ ಎಚ್ ಇದ್ದರೆ ಬೇರೆ ಏನನ್ನೂ ಯೋಚಿಸದೆ ತೊಳೆಯಿರಿ.

ನೋ-ಕ್ಲೀನ್ ಇಷ್ಟು ಹರಡಿದ್ದಕ್ಕೆ ಒಂದು ಹಿನ್ನೆಲೆಯೂ ಇದೆ. ಒಂದು ಕಾಲದಲ್ಲಿ ಕಾರ್ಖಾನೆಗಳು ಬೋರ್ಡು ತೊಳೆಯಲು ಸಿಎಫ್‌ಸಿ-113 ಅನ್ನುವ ದ್ರಾವಕ ಬಳಸುತ್ತಿದ್ದವು. ಅದು ಓಝೋನ್ ಪದರಕ್ಕೆ ಹಾನಿ ಮಾಡುತ್ತದೆ ಅಂತ ಗೊತ್ತಾಗಿ 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಅದಕ್ಕೆ ಕಡಿವಾಣ ಬಿತ್ತು. ಆಮೇಲೆ ತೊಳೆಯದೇ ಬಿಡಬಹುದಾದ ಫ್ಲಕ್ಸ್ ಮತ್ತು ನೀರಿನಲ್ಲಿ ತೊಳೆಯಬಹುದಾದ ಫ್ಲಕ್ಸ್ ಎರಡೂ ಮುಂದೆ ಬಂದವು.

ತೊಳೆಯದಿದ್ದರೆ ಏನು ಕಷ್ಟ?

ಎಲ್‌ಇಡಿ ಮಿನುಗಿಸುವ ಬೋರ್ಡಿನಲ್ಲಿ ರೋಸಿನ್ ಉಳಿದರೆ ಏನೂ ಆಗುವುದಿಲ್ಲ. ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ. ಅಂಥ ಬೋರ್ಡಿಗೆ ಗಂಟೆಗಟ್ಟಲೆ ಕೂರಬೇಡಿ. ಕಷ್ಟ ಶುರುವಾಗುವುದು ಸರ್ಕ್ಯೂಟಿನಲ್ಲಿ ದೊಡ್ಡ ರೆಸಿಸ್ಟೆನ್ಸ್ ಇದ್ದಾಗ.

ಒಂದು ಲೆಕ್ಕ ಹಾಕೋಣ. ಬ್ಯಾಟರಿಯ ವೋಲ್ಟೇಜನ್ನು ಅರ್ಧಕ್ಕಿಳಿಸಿ ಅಳೆಯಲು ಎರಡು 10 ಮೆಗಾಓಮ್ ರೆಸಿಸ್ಟರ್ ಹಾಕಿದ್ದೀರಿ. ಕೆಳಗಿನ ರೆಸಿಸ್ಟರಿನ ಎರಡು ಪ್ಯಾಡುಗಳ ನಡುವೆ ಫ್ಲಕ್ಸ್ ಉಳಿದಿದೆ, ತೇವ ಹೀರಿ 100 ಮೆಗಾಓಮ್‌ನಷ್ಟು ದಾರಿ ಮಾಡಿಕೊಟ್ಟಿದೆ. 10 ಮತ್ತು 100 ಪ್ಯಾರಲಲ್ ಆದರೆ ಸುಮಾರು 9.1 ಮೆಗಾಓಮ್. 4 ವೋಲ್ಟ್ ಬ್ಯಾಟರಿಗೆ 2 ವೋಲ್ಟ್ ಸಿಗಬೇಕಾದ ಕಡೆ 1.9 ಸಿಗುತ್ತದೆ. ಇರಲಿ, ಕೋಡಿನಲ್ಲಿ ಸರಿಮಾಡಿಕೊಳ್ಳೋಣ ಅಂದರೆ ಅದೂ ಆಗುವುದಿಲ್ಲ, ಯಾಕೆಂದರೆ ನಾಳೆ ಗಾಳಿಯಲ್ಲಿ ತೇವ ಜಾಸ್ತಿಯಾದರೆ ಆ 100 ಹೋಗಿ 40 ಆಗುತ್ತದೆ, ಬಿಸಿಲು ಬಂದರೆ 300 ಆಗುತ್ತದೆ, ನೀವು ಕೂಡಿಸಿದ ಸಂಖ್ಯೆ ಯಾವ ದಿನಕ್ಕೂ ಸರಿಹೊಂದುವುದಿಲ್ಲ. ಅದೇ ಜಾಗದಲ್ಲಿ 1 ಕಿಲೋಓಮ್ ರೆಸಿಸ್ಟರ್ ಇದ್ದಿದ್ದರೆ ಈ ಸೋರಿಕೆ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಪಿಎಚ್ ಅಳೆಯುವ ಗಾಜಿನ ಎಲೆಕ್ಟ್ರೋಡಿನ ಒಳ ರೆಸಿಸ್ಟೆನ್ಸೇ ನೂರು ಮೆಗಾಓಮ್ ಆಸುಪಾಸು ಇರುತ್ತದೆ. ಅದರ ಆಂಪ್ಲಿಫೈಯರ್ ಬೋರ್ಡಿನಲ್ಲಿ ಫ್ಲಕ್ಸ್ ಬಿಟ್ಟರೆ ನೀವು ಅಳೆಯುವುದು ಫ್ಲಕ್ಸನ್ನೇ. ಗಡಿಯಾರಕ್ಕೆ ಹಾಕುವ 32.768 ಕಿಲೋಹರ್ಟ್ಸ್ ಕ್ರಿಸ್ಟಲ್ ಕೂಡ ಹೀಗೆಯೇ. ಅದರ ಆಸಿಲೇಟರ್ ತೀರಾ ಕಡಿಮೆ ಕರೆಂಟಿನಲ್ಲಿ ಓಡುತ್ತದೆ, ಸುತ್ತ ಜಿಡ್ಡಿದ್ದರೆ ಕೆಲವೊಮ್ಮೆ ಶುರುವೇ ಆಗುವುದಿಲ್ಲ. ಟೈಮು ನಿಂತಿದೆ ಅಂತ ಚಿಪ್ಪನ್ನೇ ಬದಲಾಯಿಸುವ ಮೊದಲು ಕ್ರಿಸ್ಟಲಿನ ಎರಡು ಕಾಲುಗಳ ನಡುವೆ ಒಮ್ಮೆ ತೊಳೆದು ನೋಡಿ.

ಇನ್ನೊಂದು ಅಪಾಯ ನಿಧಾನವಾಗಿ ಬರುವಂಥದ್ದು. ಫ್ಲಕ್ಸಿನ ಉಪ್ಪಿನಂಶ, ಸ್ವಲ್ಪ ತೇವ, ಎರಡು ಪ್ಯಾಡುಗಳ ನಡುವೆ ಸದಾ ಇರುವ ಡಿಸಿ ವೋಲ್ಟೇಜ್, ಈ ಮೂರೂ ಸೇರಿದರೆ ಪಾಸಿಟಿವ್ ಕಡೆಯ ಲೋಹ ಕರಗಿ ನೆಗೆಟಿವ್ ಕಡೆ ಹೋಗಿ ಕೂರುತ್ತದೆ. ಅಲ್ಲಿಂದ ಸಣ್ಣ ಸಣ್ಣ ಕವಲುಗಳಾಗಿ ವಾಪಸ್ ಬೆಳೆಯುತ್ತಾ ಬಂದು ಒಂದು ದಿನ ಎರಡೂ ಕಡೆ ಮುಟ್ಟಿ ಶಾರ್ಟ್ ಆಗುತ್ತದೆ. ಇದಕ್ಕೆ ಡೆಂಡ್ರೈಟ್ ಅನ್ನುತ್ತಾರೆ. ಕಾಲುಗಳು ಹತ್ತಿರ ಹತ್ತಿರ ಇರುವ ಚಿಪ್ಪುಗಳಲ್ಲಿ, ವರ್ಷಗಟ್ಟಲೆ ಆನ್ ಇರುವ ಸಾಧನಗಳಲ್ಲಿ ಇದರ ಭಯ ಜಾಸ್ತಿ. ಮೇನ್ಸ್ ವೋಲ್ಟೇಜ್ ಹರಿಯುವ ಬೋರ್ಡಾದರೆ ನಾನಂತೂ ಯಾವ ಫ್ಲಕ್ಸ್ ಅಂತ ನೋಡದೆ ತೊಳೆಯುತ್ತೇನೆ.

ಏನೇನು ಬೇಕು

ಐಸೊಪ್ರೊಪೈಲ್ ಆಲ್ಕೋಹಾಲ್, ಅಂದರೆ ಐಪಿಎ, 99% ಅಥವಾ ಅದಕ್ಕಿಂತ ಶುದ್ಧವಾದದ್ದು. ಗಾಯಕ್ಕೆ ಹಚ್ಚುವ 70% ಬಾಟಲಿಯಲ್ಲಿ ಉಳಿದ 30% ನೀರು. ರಾಳ ನೀರಿನಲ್ಲಿ ಕರಗುವುದಿಲ್ಲ, ಆದ್ದರಿಂದ ಅದರಲ್ಲಿ ಉಜ್ಜಿದರೆ ಕೆಲಸ ನಿಧಾನ, ಒಣಗುವುದೂ ನಿಧಾನ, ಬಿಳಿ ಕಲೆ ಬೇರೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡವೇ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಅದು ಒಣಗುವುದೇ ಇಲ್ಲ. ಉಗುರಿನ ಬಣ್ಣ ತೆಗೆಯುವ ದ್ರವ, ಪೇಂಟ್ ಥಿನ್ನರ್, ಪೆಟ್ರೋಲ್ ಇವನ್ನೂ ದೂರ ಇಡಿ. ಅಸಿಟೋನ್ ರಾಳವನ್ನು ಕರಗಿಸುತ್ತದೆ ನಿಜ, ಜೊತೆಗೆ ಕನೆಕ್ಟರಿನ, ಸ್ವಿಚ್ಚಿನ, ಡಿಸ್‌ಪ್ಲೇಯ ಪ್ಲಾಸ್ಟಿಕ್ಕನ್ನೂ ಕರಗಿಸಬಲ್ಲದು. ಫ್ಲಕ್ಸ್ ರಿಮೂವರ್ ಅಂತ ಸ್ಪ್ರೇ ಡಬ್ಬಿಗಳಲ್ಲಿ ಬರುವುದು ಒಳ್ಳೆಯದೇ. ಅದರ ಒತ್ತಡದಿಂದ ಸಂದಿಗಳಲ್ಲಿ ಇರುವುದೂ ಹೊರಗೆ ಬರುತ್ತದೆ. ಡಬ್ಬಿಯ ಮೇಲೆ ಪ್ಲಾಸ್ಟಿಕ್ಕಿಗೆ ಸುರಕ್ಷಿತ ಅಂತ ಇದೆಯೇ ನೋಡಿ.

ಬ್ರಷ್ ಗಿಡ್ಡ ಕೂದಲಿನದಾಗಿರಬೇಕು, ಸ್ವಲ್ಪ ಬಿರುಸಾಗಿರಬೇಕು. ಪೇಂಟಿಂಗ್ ಬ್ರಷ್ ಆದರೆ ಕೂದಲನ್ನು ಐದಾರು ಮಿಲಿಮೀಟರಿಗೆ ಕತ್ತರಿಸಿಕೊಳ್ಳಿ. ಉದ್ದ ಕೂದಲು ಬಾಗಿ ಫ್ಲಕ್ಸಿನ ಮೇಲೆ ಸವರಿಕೊಂಡು ಹೋಗುತ್ತದೆಯೇ ಹೊರತು ಕಾಲುಗಳ ನಡುವೆ ಇಳಿಯುವುದಿಲ್ಲ. ಹಲ್ಲುಜ್ಜುವ ಬ್ರಷ್ ಆಗಬಹುದು, ಒಣ ಬೋರ್ಡಿನ ಮೇಲೆ ಮಾತ್ರ ಉಜ್ಜಬೇಡಿ, ನೈಲಾನ್ ತಿಕ್ಕಾಟದಿಂದ ಸ್ಟ್ಯಾಟಿಕ್ ಹುಟ್ಟುತ್ತದೆ. ಸ್ಟ್ಯಾಟಿಕ್‌ಗೆ ಸೂಕ್ಷ್ಮವಾದ ಚಿಪ್ಪುಗಳಿದ್ದರೆ ಸ್ಟ್ಯಾಟಿಕ್ ಹುಟ್ಟಿಸದ ಇಎಸ್‌ಡಿ ಬ್ರಷ್ಷೇ ತೊಗೊಳ್ಳಿ.

ಆಮೇಲೆ ಎಳೆ ಬಿಡದ ಒರೆಸುವ ಹಾಳೆ. ಈ ಕೆಲಸದಲ್ಲಿ ಬ್ರಷ್ಷಿಗಿಂತ ಇದು ಮುಖ್ಯ. ಹತ್ತಿಯ ಇಯರ್ ಬಡ್ ಜಾಯಿಂಟಿನ ಚೂಪಿಗೆ ಸಿಕ್ಕಿ ಎಳೆ ಬಿಡುತ್ತದೆ, ಆ ಎಳೆಗಳನ್ನು ಆಮೇಲೆ ಇಕ್ಕಳದಲ್ಲಿ ಒಂದೊಂದಾಗಿ ಹೆಕ್ಕಬೇಕು. ನೈಟ್ರೈಲ್ ಗ್ಲೌಸ್, ಒಂದು ಸಣ್ಣ ಬಟ್ಟಲು, ಬಿದಿರಿನ ಕಡ್ಡಿ, ಗಾಳಿ ಊದುವ ರಬ್ಬರ್ ಬಲ್ಬ್. ಇಷ್ಟಿದ್ದರೆ ಸಾಕು.

ಕೆಲಸ ಶುರು

ಬೋರ್ಡಿನ ಕರೆಂಟ್ ತೆಗೆಯಿರಿ, ಬ್ಯಾಟರಿ ಬಿಚ್ಚಿ, ದೊಡ್ಡ ಕೆಪಾಸಿಟರ್‌ಗಳು ಖಾಲಿಯಾಗಿವೆಯೇ ಅಂತ ಮೀಟರ್ ಹಿಡಿದು ನೋಡಿ. ಸೋಲ್ಡರಿಂಗ್ ಐರನ್ ಮತ್ತು ಹಾಟ್ ಏರ್ ಆಫ್ ಮಾಡಿ ದೂರ ಇಡಿ. ಐಪಿಎಯ ಫ್ಲ್ಯಾಶ್ ಪಾಯಿಂಟ್ ಸುಮಾರು 12 ಡಿಗ್ರಿ ಸೆಲ್ಸಿಯಸ್, ಅಂದರೆ ಸಾಮಾನ್ಯ ಕೋಣೆಯ ಬಿಸಿಯಲ್ಲೇ ಅದರ ಆವಿಗೆ ಒಂದು ಕಿಡಿ ಸಾಕು. ಆ ಆವಿ ಗಾಳಿಗಿಂತ ಭಾರ, ಮೇಜಿನ ಮೇಲೇ ಹರಡಿಕೊಳ್ಳುತ್ತದೆ. ಕಿಟಕಿ ತೆರೆದಿಡಿ.

ಸೋಲ್ಡರ್ ಮಾಡಿದ ದಿನವೇ ತೊಳೆಯುವುದು ಒಳ್ಳೆಯದು. ರಾಳ ದಿನ ಕಳೆದಂತೆ ಗಟ್ಟಿಯಾಗುತ್ತಾ ಹೋಗುತ್ತದೆ. ಬೋರ್ಡು ಉಗುರು ಬೆಚ್ಚಗಿದ್ದರೆ ಇನ್ನೂ ಬೇಗ ಕರಗುತ್ತದೆ, ಆದರೆ ಮುಟ್ಟಲಾಗದಷ್ಟು ಬಿಸಿ ಇರುವಾಗ ಆಲ್ಕೋಹಾಲ್ ಹಾಕಬೇಡಿ.

ಬೋರ್ಡನ್ನು ಒಂದು ಕಡೆ ಎತ್ತರಿಸಿ ಓರೆಯಾಗಿ ಇಡಿ, ತಗ್ಗಿನ ಅಂಚಿನ ಕೆಳಗೆ ಒಂದು ಹಾಳೆ ಹಾಸಿ. ಇಡೀ ಬೋರ್ಡಿಗೆ ಒಮ್ಮೆಲೇ ಕೈ ಹಾಕಬೇಡಿ. ಮೂರು ನಾಲ್ಕು ಸೆಂಟಿಮೀಟರ್ ಜಾಗ ಆರಿಸಿಕೊಳ್ಳಿ, ಮೇಲ್ಗಡೆಯಿಂದ ಶುರು ಮಾಡಿ. ಬಟ್ಟಲಿಗೆ ಸ್ವಲ್ಪ ಐಪಿಎ ಸುರಿದುಕೊಂಡು ಬ್ರಷ್ಷಿನಿಂದ ಆ ಜಾಗ ತೊಯ್ಯುವ ಹಾಗೆ ಹಾಕಿ. ಈಗ ಅರ್ಧ ನಿಮಿಷ ಸುಮ್ನೆ ಬಿಡಿ. ಭೂತಗನ್ನಡಿ ಇದ್ದರೆ ಹತ್ತಿರದಿಂದ ನೋಡಿ: ಮೊದಲು ಕಂದು ಅಂಟಿನ ಅಂಚು ಮೆತ್ತಗಾಗುತ್ತದೆ, ಅದರ ಬುಡದಿಂದ ಹಳದಿ ಗೆರೆಗಳು ಆಲ್ಕೋಹಾಲಿನೊಳಗೆ ಸಣ್ಣಗೆ ಎಳೆಯಾಗಿ ಹರಿಯಲು ಶುರುವಾಗುತ್ತವೆ, ಆಮೇಲೆ ಜಾಯಿಂಟಿನ ಬೆಳ್ಳಿ ಬಣ್ಣ ಕಾಣುತ್ತದೆ. ಒಣಗುತ್ತಾ ಬಂದರೆ ಇನ್ನಷ್ಟು ಹಾಕಿ. ಈ ಹೊತ್ತಿನಲ್ಲಿ ಜಾಗ ಒಣಗಲು ಬಿಡಲೇಬಾರದು.

ಈಗ ಉಜ್ಜಿ. ಚಿಪ್ಪಿನ ಕಾಲುಗಳ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಜೋರಾಗಿ ಒತ್ತುವ ಅಗತ್ಯ ಇಲ್ಲ. ದ್ರವ ಹಳದಿಗೆ ತಿರುಗಿದರೆ ಕರಗಿಸುವ ಕೆಲಸ ಆಯಿತು ಅಂತ ಅರ್ಥ.

ಇಲ್ಲಿಂದ ಎರಡನೇ ಕೆಲಸ. ಆ ಜಾಗ ಇನ್ನೂ ತೊಯ್ದು ಹೊಳೆಯುತ್ತಿರುವಾಗಲೇ ಒರೆಸುವ ಹಾಳೆಯನ್ನು ಅದರ ಮೇಲೆ ಚಪ್ಪಟೆಯಾಗಿ ಹಾಸಿ. ಒರೆಸಬೇಡಿ. ಹಾಳೆಯ ಮೇಲಿಂದಲೇ ಬ್ರಷ್ಷಿನಿಂದ ಕುಟ್ಟುತ್ತಾ ಉಜ್ಜಿ, ಬೇಕಾದರೆ ಹಾಳೆಯ ಮೇಲೆ ಇನ್ನೆರಡು ಹನಿ ಐಪಿಎ ಹಾಕಿ. ಬ್ರಷ್ಷಿನ ಕೂದಲು ಹಾಳೆಯನ್ನು ಜಾಯಿಂಟುಗಳ ನಡುವಿನ ತಗ್ಗಿಗೆ ಒತ್ತುತ್ತದೆ, ಹಾಳೆ ಅಲ್ಲಿನ ದ್ರವವನ್ನು ಹೀರುತ್ತದೆ, ಕರಗಿದ ಫ್ಲಕ್ಸ್ ಹಾಳೆಗೆ ಬರುತ್ತದೆ. ಎತ್ತಿ ನೋಡಿದರೆ ಹಾಳೆಯಲ್ಲಿ ಜಾಯಿಂಟುಗಳ ಅಚ್ಚು ಮೂಡಿರುತ್ತದೆ, ಸುತ್ತ ಹಳದಿ ಕಲೆ. ಆ ಹಳದಿಯೇ ನಿಮಗೆ ಬೇಕಾದದ್ದು, ಅಷ್ಟು ಫ್ಲಕ್ಸ್ ಬೋರ್ಡು ಬಿಟ್ಟು ಹೊರಗೆ ಬಂದಿದೆ.

ಹಾಳೆಯ ಶುಭ್ರ ಭಾಗಕ್ಕೆ ಸರಿದು ಮತ್ತೆ ಐಪಿಎ, ಮತ್ತೆ ಉಜ್ಜುವುದು, ಮತ್ತೆ ಹಾಸಿ ಕುಟ್ಟುವುದು. ಹಾಳೆ ಬಿಳಿಯಾಗಿಯೇ ಎದ್ದು ಬರುವವರೆಗೆ. ಸಾಮಾನ್ಯವಾಗಿ ಎರಡು ಮೂರು ಸುತ್ತಿಗೆ ಆಗುತ್ತದೆ. ಪೇಸ್ಟ್ ಫ್ಲಕ್ಸ್ ಧಾರಾಳವಾಗಿ ಹಚ್ಚಿದ್ದರೆ ಇನ್ನೊಂದೆರಡು ಬೇಕು.

ಕೊನೆಗೆ ತಾಜಾ ಐಪಿಎಯನ್ನು ಬಾಟಲಿಯಿಂದ ನೇರವಾಗಿ ಮೇಲ್ಗಡೆಯ ಅಂಚಿಗೆ ಹಾಕಿ ಕೆಳಕ್ಕೆ ಹರಿಯಲು ಬಿಡಿ, ಹಾಸಿದ ಹಾಳೆ ಅದನ್ನು ಹೀರಿಕೊಳ್ಳಲಿ. ಒಡನೆಯೇ ರಬ್ಬರ್ ಬಲ್ಬಿನಿಂದ ಗಾಳಿ ಊದಿ ಉಳಿದ ದ್ರವವನ್ನು ಅಂಚಿನ ಕಡೆಗೆ ಅಟ್ಟಿ. ನಿಂತಲ್ಲೇ ಒಣಗಿದರೆ ಕಲೆ, ಹೊರಗೆ ಹೋದರೆ ಇಲ್ಲ.

ಬಟ್ಟಲಿನ ವಿಷಯ ಒಂದು ಮಾತು. ಬ್ರಷ್ಷನ್ನು ಅದೇ ಬಟ್ಟಲಿಗೆ ಅದ್ದುತ್ತಾ ಹೋದರೆ ಸ್ವಲ್ಪ ಹೊತ್ತಿಗೆ ಅಲ್ಲಿರುವುದು ತೆಳು ಫ್ಲಕ್ಸೇ. ಎಣ್ಣೆ ಚೆಲ್ಲಿದ ನೆಲವನ್ನು ಹಿಂಡದ ಒಂದೇ ಬಟ್ಟೆಯಲ್ಲಿ ಒರೆಸಿದ ಹಾಗೆ ಆಗುತ್ತದೆ. ಬಣ್ಣ ತಿರುಗಿದ ಕೂಡಲೇ ಬದಲಾಯಿಸಿ. ಬಳಸಿ ಉಳಿದದ್ದನ್ನು ಒಳ್ಳೇ ಬಾಟಲಿಗೆ ವಾಪಸ್ ಸುರಿಯಬೇಡಿ, ಬ್ರಷ್ಷನ್ನೂ ಬಾಟಲಿಗೆ ಅದ್ದಬೇಡಿ.

ಬಿಳಿ ಪೊರೆ ಬಂದರೆ

ಬಿಳಿ ಪೊರೆ ಬಂತು ಅಂದ ತಕ್ಷಣ ಆಲ್ಕೋಹಾಲೇ ಸರಿ ಇಲ್ಲ ಅಂತ ಬಾಟಲಿ ಬದಲಾಯಿಸುತ್ತಾರೆ. ಹೆಚ್ಚಿನ ಸಲ ಕಾರಣ ನಾನು ಆಗಲೇ ಹೇಳಿದ್ದು: ಕರಗಿದ ರಾಳ ಅಲ್ಲೇ ಒಣಗಿದೆ. ಮತ್ತೆ ತೋಯಿಸಿ, ಹಾಳೆ ಹಾಸಿ ತೆಗೆಯಿರಿ, ಹೋಗುತ್ತದೆ.

ಹೋಗದಿದ್ದರೆ ಎರಡನೇ ಸಾಧ್ಯತೆ ಇದೆ. ರಾಳವನ್ನು ಆಲ್ಕೋಹಾಲ್ ಕರಗಿಸುತ್ತದೆ. ಆದರೆ ಆಕ್ಟಿವೇಟರಿನಿಂದ ಆದ ಉಪ್ಪಿನಂಥ ಪದಾರ್ಥಗಳನ್ನು ಕರಗಿಸುವುದರಲ್ಲಿ ನೀರೇ ಮೇಲು. ರಾಳ ಹೋಗಿ, ಅದರೊಳಗಿದ್ದ ಉಪ್ಪು ಮಾತ್ರ ಬಿಳಿಪುಡಿಯಾಗಿ ಉಳಿದಿರಬಹುದು. ಆಗ ಡಿಸ್ಟಿಲ್ಡ್ ನೀರಿನಲ್ಲಿ ಬ್ರಷ್ ಅದ್ದಿ ಆ ಜಾಗ ಉಜ್ಜಿ, ಹಾಳೆಯಲ್ಲಿ ಹೀರಿಸಿ, ಆಮೇಲೆ 99% ಐಪಿಎ ಹಾಕಿ ನೀರನ್ನು ಓಡಿಸಿ. ಕಾರ್ಖಾನೆಗಳಲ್ಲಿ ಬೋರ್ಡು ಎಷ್ಟು ಶುಭ್ರ ಅಂತ ಅಳೆಯುವ ರೋಸ್ ಪರೀಕ್ಷೆಯಲ್ಲೂ 75% ಐಪಿಎ, 25% ನೀರು ಸೇರಿದ ದ್ರಾವಣ ಬಳಸುತ್ತಾರೆ. ಎರಡೂ ಬಗೆಯ ಕೊಳೆ ಕರಗಿ ಬರಲಿ ಅಂತಲೇ. ಅಂದರೆ ನೀರು ಈ ಕೆಲಸಕ್ಕೆ ಶತ್ರುವೇನಲ್ಲ. ರಾಳ ಹೋದ ಮೇಲೆ ಬರಬೇಕು, ಆಮೇಲೆ ಪೂರ್ತಿ ಒಣಗಬೇಕು ಅಷ್ಟೇ. ಡಿಸ್ಟಿಲ್ಡ್ ನೀರೇ ಬೇಕು, ನಲ್ಲಿ ನೀರಿನಲ್ಲಿ ಅದರದೇ ಲವಣ ಇರುತ್ತದೆ.

ಮೂರನೆಯದು ಹಳೆಯ ಅಥವಾ ಸುಟ್ಟ ಫ್ಲಕ್ಸ್. ಐರನ್ ಬಿಸಿ ಜಾಸ್ತಿಯಾಗಿ, ಜಾಸ್ತಿ ಹೊತ್ತು ಇಟ್ಟರೆ ರಾಳ ಕರಿಯಾಗಿ ಗಟ್ಟಿಯಾಗುತ್ತದೆ, ಆಲ್ಕೋಹಾಲಿಗೆ ಜಗ್ಗುವುದಿಲ್ಲ. ಇದಕ್ಕೆ ಸಾಣೆ ಕಾಗದ, ಬ್ಲೇಡು ಹಿಡಿಯಬೇಡಿ, ತಾಮ್ರವನ್ನು ಮುಚ್ಚಿರುವ ಹಸಿರು ಪದರ, ಅಂದರೆ ಸೋಲ್ಡರ್ ಮಾಸ್ಕ್, ಕಿತ್ತು ತಾಮ್ರ ಹೊರಗೆ ಬರುತ್ತದೆ. ಅದರ ಮೇಲೆ ಸ್ವಲ್ಪ ಹೊಸ ಫ್ಲಕ್ಸ್ ಹಚ್ಚಿ, ಜಾಯಿಂಟನ್ನು ಐರನ್ನಿನಿಂದ ಎರಡು ಸೆಕೆಂಡ್ ಮುಟ್ಟಿಸಿ. ಹೊಸ ಫ್ಲಕ್ಸ್ ಹಳೆಯದನ್ನು ಮೆತ್ತಗೆ ಮಾಡುತ್ತದೆ. ಐರನ್ ಬದಿಗಿಟ್ಟು, ಜಾಗ ಉಗುರು ಬೆಚ್ಚಗೆ ಆದ ಕೂಡಲೇ ತೊಳೆಯಿರಿ. ಇನ್ನೂ ಕಚ್ಚಿಕೊಂಡಿದ್ದರೆ ಐಪಿಎಯಲ್ಲಿ ನೆನೆದ ಬಿದಿರು ಕಡ್ಡಿಯಿಂದ ಮೆಲ್ಲಗೆ ಕೆರೆಯಿರಿ.

ನೋ-ಕ್ಲೀನ್: ಅರ್ಧ ತೊಳೆಯುವುದು ತೊಳೆಯದಿರುವುದಕ್ಕಿಂತ ಕೆಟ್ಟದು

ನೋ-ಕ್ಲೀನ್ ಫ್ಲಕ್ಸಿನಲ್ಲಿ ಉಳಿಯುವ ತೆಳು ಪದರ ಗಟ್ಟಿಯಾಗಿ, ಒಳಗಿರುವ ಆಕ್ಟಿವೇಟರನ್ನು ಮುಚ್ಚಿಟ್ಟುಕೊಂಡಿರುತ್ತದೆ. ನೀವು ಒಂದು ಸಲ ಆಲ್ಕೋಹಾಲ್ ಸವರಿ ಬಿಟ್ಟರೆ ಆ ಮುಚ್ಚಳ ಒಡೆಯುತ್ತದೆ, ಒಳಗಿದ್ದದ್ದು ಹೊರಗೆ ಬಂದು ಬಿಳಿಯಾಗಿ ಹರಡುತ್ತದೆ. ತೊಳೆಯುವ ಮೊದಲು ಸುರಕ್ಷಿತವಾಗಿದ್ದ ಬೋರ್ಡು ಈಗ ಸುರಕ್ಷಿತ ಅಲ್ಲ. ಹಾಗಾಗಿ ಒಂದೋ ಮುಟ್ಟಬೇಡಿ, ಇಲ್ಲ ಕೊನೆಯವರೆಗೆ ತೊಳೆಯಿರಿ. ಕೆಲವು ನೋ-ಕ್ಲೀನ್ ಬಗೆಗಳು ಬರೀ ಐಪಿಎಗೆ ಸರಿಯಾಗಿ ಕರಗುವುದೂ ಇಲ್ಲ, ಅದಕ್ಕೆಂದೇ ಮಾಡಿದ ಫ್ಲಕ್ಸ್ ರಿಮೂವರ್ ಬೇಕಾಗುತ್ತದೆ.

ಮುಟ್ಟದೆ ಬಿಡುವುದು ಯಾವಾಗ ಸರಿ? ಸೋಲ್ಡರ್ ವೈರಿನ ಒಳಗೇ ಇರುವ ಫ್ಲಕ್ಸ್ ಜಾಯಿಂಟಿನ ಬಿಸಿಯನ್ನು ಪೂರ್ತಿ ಕಂಡಿರುತ್ತದೆ, ಅದನ್ನು ಬಿಡಬಹುದು. ಸಿರಿಂಜಿನಿಂದ ಹಿಂಡಿದ ಜೆಲ್ ಫ್ಲಕ್ಸ್ ಹಾಗಲ್ಲ. ಜಾಯಿಂಟಿನಿಂದ ಅರ್ಧ ಸೆಂಟಿಮೀಟರ್ ಆಚೆ ಹರಿದು ಹೋದದ್ದು ಬರೀ ಬೆಚ್ಚಗಾಗಿರುತ್ತದೆ, ಅದರೊಳಗಿನ ಆಮ್ಲ ಹಾಗೇ ಇರುತ್ತದೆ. ಬೆರಳಿಗೆ ಇನ್ನೂ ಮೆತ್ತಗೆ, ಅಂಟಂಟು ಅನಿಸಿದರೆ ಅದು ಪೂರ್ತಿ ಬಿಸಿ ಕಂಡಿಲ್ಲ ಅನ್ನುವುದಕ್ಕೆ ಗುರುತು. ಡಬ್ಬಿಯ ಮೇಲೆ ಏನೇ ಬರೆದಿರಲಿ, ಅದನ್ನು ತೊಳೆಯಿರಿ. ಫ್ಲಕ್ಸ್ ಹಾಕುವಾಗಲೇ ಕೈ ಬಿಗಿ ಹಿಡಿದರೆ ಈ ತಾಪತ್ರಯ ಅರ್ಧ ತಪ್ಪುತ್ತದೆ ಅಲ್ವಾ?

ನೀರಿನಲ್ಲಿ ಕರಗುವ ಬಗೆಗೆ ದಾರಿ ಬೇರೆ. ಬಿಸಿ ನೀರು, 50-60 ಡಿಗ್ರಿ, ಬ್ರಷ್ ಹಿಡಿದು ಚೆನ್ನಾಗಿ ಉಜ್ಜಿ, ಕೊನೆಯ ಜಾಲಾಟ ಡಿಸ್ಟಿಲ್ಡ್ ನೀರಿನಲ್ಲಿ, ಅದಾದ ಮೇಲೆ ಐಪಿಎ. ಬರೀ ಐಪಿಎಯಿಂದ ಶುರು ಮಾಡಬೇಡಿ.

ದ್ರವ ತಾಗಬಾರದ ಭಾಗಗಳು

ಕರಗಿದ ಫ್ಲಕ್ಸ್ ಹರಿಯುತ್ತದೆ, ಸಂದಿ ಕಂಡಲ್ಲಿ ನುಗ್ಗುತ್ತದೆ. ಸೀಲ್ ಇಲ್ಲದ ಸ್ವಿಚ್, ತಿರುಗಿಸಿ ಹೊಂದಿಸುವ ಸಣ್ಣ ರೆಸಿಸ್ಟರ್ ಆದ ಟ್ರಿಮ್‌ಪಾಟ್, ರಿಲೇ, ಕನೆಕ್ಟರುಗಳ ಒಳಗೆ ಹೋಗಿ ಒಣಗಿದರೆ ಕಾಂಟ್ಯಾಕ್ಟಿನ ಮೇಲೆ ರಾಳದ ಪೊರೆ ಕಟ್ಟುತ್ತದೆ. ನಿನ್ನೆ ಸರಿ ಇದ್ದ ಬಟನ್ ಇವತ್ತು ಒತ್ತಿದರೆ ಕೆಲಸ ಮಾಡುವುದಿಲ್ಲ. ಮೈಕ್ರೊಫೋನ್, ಬಝರ್, ತೇವಾಂಶ ಅಳೆಯುವ ಸೆನ್ಸರ್, ಮೇಲೆ ಸಣ್ಣ ತೂತಿರುವ ಒತ್ತಡದ ಸೆನ್ಸರ್ ಇವುಗಳಿಗೆ ಒಂದು ಹನಿಯೂ ಹೋಗಬಾರದು. ಕೆಲವು ಬಝರಿನ ಮೇಲೆ ತೊಳೆದ ಮೇಲೆ ತೆಗೆಯಿರಿ ಅಂತ ಸ್ಟಿಕ್ಕರ್ ಇರುತ್ತದೆ, ಅದಿರುವುದು ಇದಕ್ಕೇ, ಮೊದಲೇ ಕೀಳಬೇಡಿ. ಉಳಿದವಕ್ಕೆ ಪಾಲಿಇಮೈಡ್ ಟೇಪ್ ಅಂಟಿಸಿ. ಎಲ್ಲಕ್ಕಿಂತ ಒಳ್ಳೆಯದು ಇಂಥ ಭಾಗಗಳನ್ನು ಬೋರ್ಡು ತೊಳೆದಾದ ಮೇಲೆ ಕೊನೆಗೆ ಸೋಲ್ಡರ್ ಮಾಡುವುದು, ಆ ಜಾಯಿಂಟುಗಳನ್ನು ಮಾತ್ರ ಒದ್ದೆ ಹಾಳೆಯ ತುದಿಯಿಂದ ತೆಗೆಯುವುದು.

ಅಲ್ಟ್ರಾಸಾನಿಕ್ ತೊಟ್ಟಿ ಇದ್ದವರು ಎರಡು ವಿಷಯ ನೆನಪಿಡಿ. ಐಪಿಎಯನ್ನು ನೇರ ತೊಟ್ಟಿಗೆ ಸುರಿಯಬೇಡಿ, ಬೆಂಕಿಯ ಅಪಾಯ. ನೀರಿನಲ್ಲಿ ಬೆರೆಸುವ ಬೋರ್ಡ್ ಕ್ಲೀನರ್ ಬಳಸಿ. ಕ್ವಾರ್ಟ್ಝ್ ಕ್ರಿಸ್ಟಲ್, ಗೈರೋ ಥರದ ಮೆಮ್ಸ್ ಭಾಗಗಳು (ಒಳಗೆ ಅತಿ ಸಣ್ಣ ಅಲುಗಾಡುವ ರಚನೆ ಇರುವ ಚಿಪ್ಪುಗಳು) ಆ ಕಂಪನಕ್ಕೆ ಒಳಗೇ ಮುರಿಯಬಹುದು, ಅಂಥ ಬೋರ್ಡು ಬೇಡ.

ಕಾಲುಗಳೇ ಕಾಣದ ಕ್ಯೂಎಫ್‌ಎನ್ ಚಿಪ್ಪಿನ ಅಡಿಯಲ್ಲಿ ಉಳಿದದ್ದಕ್ಕೆ ಬ್ರಷ್ ಮುಟ್ಟುವುದೇ ಇಲ್ಲ. ಬೋರ್ಡನ್ನು ನಿಲ್ಲಿಸಿ ಹಿಡಿದು ಒಂದು ಬದಿಯಿಂದ ಸ್ಪ್ರೇ ಹೊಡೆದು ಇನ್ನೊಂದು ಬದಿಯಿಂದ ಹೊರಗೆ ಬರುವ ಹಾಗೆ ಮಾಡಿ, ಹೊರಬರುವ ದ್ರವದ ಬಣ್ಣ ಹೋಗುವವರೆಗೆ. ಆಮೇಲೆ ಗಾಳಿ ಊದಿ.

ಒಣಗಿಸಿ, ನೋಡಿ

ಮೇಲ್ನೋಟಕ್ಕೆ ಎರಡು ನಿಮಿಷದಲ್ಲಿ ಒಣಗಿದಂತೆ ಕಂಡರೂ ಚಿಪ್ಪಿನ ಅಡಿ, ಟ್ರಾನ್ಸ್‌ಫಾರ್ಮರಿನ ಸುತ್ತು, ಕನೆಕ್ಟರಿನ ಒಳಗೆ ದ್ರವ ನಿಂತಿರುತ್ತದೆ. ಬರೀ ಐಪಿಎ ಆದರೆ ಅರ್ಧ ಗಂಟೆಯಾದರೂ ಬಿಡಿ, ನೀರು ಬಳಸಿದ್ದರೆ ಬೆಚ್ಚಗಿನ ಜಾಗದಲ್ಲಿ ಕೆಲವು ಗಂಟೆ. ಹೇರ್ ಡ್ರೈಯರ್ ಹಿಡಿಯುವುದಾದರೆ ಆಲ್ಕೋಹಾಲಿನ ವಾಸನೆ ಪೂರ್ತಿ ಹೋದ ಮೇಲೆ.

ಆಮೇಲೆ ಟಾರ್ಚನ್ನು ಬೋರ್ಡಿನ ಮಟ್ಟಕ್ಕೆ ಇಳಿಸಿ ಓರೆಯಾಗಿ ಬೆಳಕು ಬಿಡಿ. ಮೇಲಿಂದ ನೋಡಿದಾಗ ಕಾಣದ ಪೊರೆ ಹೀಗೆ ಕಾಣುತ್ತದೆ, ಹೆಚ್ಚಾಗಿ ಕಾಲುಗಳ ಹಿಂದೆ, ಚಿಪ್ಪಿನ ದೇಹ ಮತ್ತು ಪ್ಯಾಡಿನ ನಡುವೆ. ಮಲ್ಟಿಮೀಟರಿನಲ್ಲಿ ಪಕ್ಕದ ಎರಡು ಪ್ಯಾಡುಗಳ ರೆಸಿಸ್ಟೆನ್ಸ್ ನೋಡುವುದರಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ. ಸಾಮಾನ್ಯ ಮೀಟರ್ ಕೆಲವು ಹತ್ತು ಮೆಗಾಓಮ್‌ಗೆ ನಿಲ್ಲುತ್ತದೆ, ಸೋರಿಕೆ ಅದಕ್ಕಿಂತ ಮೇಲಿರುತ್ತದೆ.

ಕಾನ್ಫಾರ್ಮಲ್ ಕೋಟಿಂಗ್ (ಬೋರ್ಡನ್ನು ತೇವದಿಂದ ಕಾಪಾಡುವ ತೆಳು ಲೇಪ) ಹೊಡೆಯುವವರು ಈ ನೋಟ ಮುಗಿಸದೆ ಡಬ್ಬಿ ಎತ್ತಬೇಡಿ. ಕೊಳೆಯ ಮೇಲೆ ಕೋಟಿಂಗ್ ಸರಿಯಾಗಿ ಹಿಡಿಯುವುದಿಲ್ಲ, ಹಿಡಿದರೂ ಫ್ಲಕ್ಸ್ ಒಳಗೇ ಬಂದಿಯಾಗುತ್ತದೆ. ಮುಂದೆ ತೊಳೆಯಬೇಕಾದರೆ ಮೊದಲು ಕೋಟಿಂಗ್ ಕೀಳಬೇಕು.

ದೊಡ್ಡ ರೆಸಿಸ್ಟೆನ್ಸ್ ಇರುವ, ಕಡಿಮೆ ವೋಲ್ಟೇಜಿನ ಸರ್ಕ್ಯೂಟಿಗೆ ಇನ್ನೊಂದು ಪರೀಕ್ಷೆ ಇದೆ. ಪೂರ್ತಿ ಒಣಗಿದ ಬೋರ್ಡಿಗೆ ಬ್ಯಾಟರಿ ಹಾಕಿ, ರೀಡಿಂಗ್ ಸ್ಥಿರವಾದ ಮೇಲೆ ಆ ಭಾಗದ ಮೇಲೆ ಬಾಯಿಂದ ಹಾ ಅಂತ ಬಿಸಿ ಉಸಿರು ಬಿಡಿ. ಮೇನ್ಸ್ ಇರುವ ಬೋರ್ಡಿಗೆ ಇದನ್ನು ಮಾಡಲೇಬೇಡಿ. ಶುಭ್ರ ಬೋರ್ಡಿನಲ್ಲೂ ರೀಡಿಂಗ್ ಕೊಂಚ ಅಲುಗುತ್ತದೆ, ಕೆಲವು ಸೆಕೆಂಡಿನಲ್ಲಿ ಮೊದಲಿನ ಜಾಗಕ್ಕೆ ಬರುತ್ತದೆ. ದೂರ ಜಾರಿ ಹೋಗಿ ನಿಧಾನವಾಗಿ ತೆವಳುತ್ತಾ ವಾಪಸ್ ಬಂದರೆ ಅಲ್ಲಿ ತೇವ ಹೀರುವಂಥದ್ದು ಇನ್ನೂ ಇದೆ. ಬ್ಯಾಟರಿ ಬಿಚ್ಚಿ, ಹೊಸ ಹಾಳೆ ತೊಗೊಂಡು ಆ ಜಾಗವನ್ನು ಮತ್ತೊಂದು ಸುತ್ತು ತೊಳೆಯಿರಿ.